ಉಗ್ರಾಣ ಕೊಯ್ದವರೇ ಊಟ ಹಾಕಬೇಕು

ನನ್ನ ಮೊದಲ ಜೇನುಪೆಟ್ಟಿಗೆ ಒಂಬತ್ತನೇ ದಿನಕ್ಕೆ ಖಾಲಿಯಾಯಿತು. ಬೆಳಿಗ್ಗೆ ತೋಟಕ್ಕೆ ಇಳಿಯುವಾಗ ಬಾಗಿಲಲ್ಲಿ ಹುಳಗಳ ಓಡಾಟ ಇತ್ತು. ಹನ್ನೊಂದರ ಬಿಸಿಲಿಗೆ ವಾಪಸು ಬರುವಷ್ಟರಲ್ಲಿ ಇಡೀ ಕುಟುಂಬ ಅಂಗಳದ ಮೇಲೆ ಹೊಗೆಯ ಹಾಗೆ ಸುತ್ತುತ್ತಿತ್ತು. ಮನೆಯವರೆಲ್ಲ ಹೊರಗೆ ಬಂದು ನಿಂತೆವು. ಯಾರೋ ನೀರು ಎರಚಿ ಎಂದರು, ಯಾರೋ ತಟ್ಟೆ ಬಡಿಯಿರಿ ಎಂದರು. ಎರಡನ್ನೂ ಮಾಡಿದ್ದಾಯಿತು. ಆ ಗುಂಪು ನಮ್ಮ ಗಡಿಬಿಡಿಯನ್ನು ಒಂದಿಷ್ಟೂ ಲೆಕ್ಕಿಸದೆ ಕೊಟ್ಟಿಗೆಯ ಮಾಡು ದಾಟಿ, ಬಿದಿರುಮೆಳೆ ದಾಟಿ, ಬೆಟ್ಟದ ಕಡೆ ಹೊರಟುಹೋಯಿತು.

ಮುಚ್ಚಳ ತೆಗೆದು ನೋಡಿದೆ. ನಾಲ್ಕು ಚೌಕಟ್ಟಿಗೆ ನಾನೇ ಕಟ್ಟಿದ್ದ ಎರಿಗಳು ಒಣಗಿದ ಹಪ್ಪಳದಂತೆ ನಿಂತಿದ್ದವು. ಅಲ್ಲೊಂದು ಇಲ್ಲೊಂದು ಮುಚ್ಚಿದ ಕೋಣೆ ಬಿಟ್ಟರೆ ಮರಿ ಇಲ್ಲ, ಮೊಟ್ಟೆ ಇಲ್ಲ. ಬೆರಳು ಒತ್ತಿದರೆ ಅಂಟುವಷ್ಟೂ ಜೇನಿಲ್ಲ.

ಪಕ್ಕದ ಊರಿನಲ್ಲಿ ನಲವತ್ತು ವರ್ಷದಿಂದ ಜೇನು ಸಾಕುವ ಹಿರಿಯರೊಬ್ಬರಿದ್ದಾರೆ. ದೂರದ ಸಂಬಂಧದಲ್ಲಿ ಮಾವನಾಗಬೇಕು. ಪೆಟ್ಟಿಗೆ ಸರಿಯಿಲ್ಲವೋ, ಇಟ್ಟ ಜಾಗ ಸರಿಯಿಲ್ಲವೋ, ರಾಣಿಗೆ ಏನಾದರೂ ಪೆಟ್ಟಾಗಿತ್ತೋ ಎಂದು ಕೇಳಲು ಹೋದೆ. ಅವರು ಕವಳ ಹಾಕುತ್ತ ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಹೇಳಿದರು: "ಅದ್ರ ಉಗ್ರಾಣ ಪೂರಾ ಕೊಯ್ಕಂಡು ತಿಂದ್ಯಲಾ ತಮಾ, ಈಗ ಅದು ಎಂತ ತಿನ್ನವು?"

ಅವರು ಹೇಳಿದ್ದು ಹಂಗಿಸುವ ಮಾತಾಗಿರಲಿಲ್ಲ, ಎರಿಯ ರಚನೆಯನ್ನೇ ಹೇಳಿದ್ದರು. ತುಡುವೆ ಜೇನು ಹುತ್ತದಲ್ಲೋ ಮರದ ಪೊಟರೆಯಲ್ಲೋ ಎರಿ ಕಟ್ಟುವಾಗ ಒಂದು ಕ್ರಮ ಇಟ್ಟುಕೊಂಡಿರುತ್ತದೆ. ಎರಿಯ ನೆತ್ತಿಯಲ್ಲಿ ಜೇನು. ಅದರ ಕೆಳಗೆ ಬಿಲ್ಲಿನಂತೆ ಬಾಗಿದ ಪಟ್ಟಿಯಲ್ಲಿ ಪರಾಗ, ಹಳದಿ, ಕಿತ್ತಳೆ, ಬೂದು ಬಣ್ಣಗಳಲ್ಲಿ. ಅದಕ್ಕೂ ಕೆಳಗೆ ಮೊಟ್ಟೆ, ಮರಿ, ಮುಚ್ಚಿದ ಮರಿ. ನಮ್ಮ ಹಳೆಯ ಮನೆಗಳಂತೆಯೇ: ಮೇಲೆ ಅಟ್ಟದಲ್ಲಿ ದವಸ, ಕೆಳಗೆ ತೊಟ್ಟಿಲು. ಹುತ್ತ ಅಗೆದು ಜೇನು ಹಿಡಿಯುವವರು ಎರಿಯನ್ನು ಬುಡದಿಂದ ಕೊಯ್ದು, ಮರಿಯಿರುವ ಭಾಗವನ್ನಷ್ಟೇ ಬಾಳೆನಾರಿನಿಂದ ಚೌಕಟ್ಟಿಗೆ ಕಟ್ಟುತ್ತಾರೆ. ಜೇನಿನ ಭಾಗವನ್ನು ಕಟ್ಟುವಂತಿಲ್ಲ. ಅದು ಭಾರಕ್ಕೆ ಕುಸಿಯುತ್ತದೆ, ಸೋರುತ್ತದೆ, ಸೋರಿದ್ದಕ್ಕೆ ಇರುವೆ ಬರುತ್ತದೆ. ಹಾಗಾಗಿ ಅದು ಪಾತ್ರೆಗೆ ಬೀಳುತ್ತದೆ, ಮನೆಯ ಮಕ್ಕಳು ಅಲ್ಲೇ ಬೆರಳದ್ದಿ ನೆಕ್ಕುತ್ತಾರೆ. ಕೊಯ್ಯುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಅನಿವಾರ್ಯ. ಆದರೆ ಆ ಕ್ಷಣದಿಂದ ಆ ಕುಟುಂಬ ತೊಟ್ಟಿಲು ಹಿಡಿದುಕೊಂಡು ಬೀದಿಗೆ ಬಂದ ಸಂಸಾರ. ಅದನ್ನು ಬಡತನಕ್ಕೆ ತಂದವರು ನಾವು.

ಜೇನು ಸಾಕಣೆಯ ಮಾತು ಬಂದಾಗ ಎಲ್ಲರೂ ಪೆಟ್ಟಿಗೆಯ ಬಗ್ಗೆ ಮಾತಾಡುತ್ತಾರೆ. ಅದಕ್ಕೆ ಕಾರಣವೂ ಇದೆ. ಎರಿ ಎರಿಗಳ ನಡುವೆ ಹುಳ ಓಡಾಡುವಷ್ಟು ಜಾಗ ಬಿಟ್ಟರೆ ಅವು ಆ ಸಂದನ್ನು ಮೇಣದಿಂದ ಮುಚ್ಚುವುದಿಲ್ಲ ಎಂಬ ಸಂಗತಿಯನ್ನು ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ 1851ರಲ್ಲಿ ಪೆಟ್ಟಿಗೆಗೆ ಅಳವಡಿಸಿದ ಮೇಲೆಯೇ ಚೌಕಟ್ಟು ಎತ್ತಿ ನೋಡುವ ಸಾಕಣೆ ಸಾಧ್ಯವಾಯಿತು. ನಮ್ಮ ಕಡೆ ಇಪ್ಪತ್ತನೇ ಶತಮಾನದ ಎರಡನೇ ದಶಕದಲ್ಲಿ ಇನ್ನೊಬ್ಬ ಪಾದ್ರಿ, ಫಾದರ್ ನ್ಯೂಟನ್, ತುಡುವೆಯ ಸಣ್ಣ ಮೈಗೆ ಹೊಂದುವ ಪೆಟ್ಟಿಗೆ ಮಾಡಿ ದಕ್ಷಿಣ ಭಾರತದಲ್ಲಿ ಜನರಿಗೆ ಕಲಿಸಿದರು. ಪೆಟ್ಟಿಗೆ ಮುಖ್ಯ, ಇಲ್ಲವೆನ್ನುವುದಿಲ್ಲ. ಆದರೆ ಹೊಸಬರ ಕೈಯಲ್ಲಿ ಪೆಟ್ಟಿಗೆ ಖಾಲಿಯಾಗುವುದು ಹಲಗೆಯ ಅಳತೆ ತಪ್ಪಿದ್ದರಿಂದಲ್ಲ. ಬಹಳಷ್ಟು ಸಲ ಹಸಿವಿನಿಂದ.

ಹೊಸ ಪೆಟ್ಟಿಗೆಯೊಳಗೆ ಮೊದಲ ವಾರ ಏನೆಲ್ಲ ಕೆಲಸ ನಡೆಯಬೇಕು ನೋಡಿ. ಕಟ್ಟಿದ ಎರಿಯನ್ನು ಮೇಲಿನ ಪಟ್ಟಿಗೆ ಮೇಣದಿಂದ ಅಂಟಿಸಬೇಕು. ಎರಡು ಮೂರು ದಿನದಲ್ಲಿ ಅಂಟಿಸಿದ ಮೇಲೆ ಬಾಳೆನಾರನ್ನು ಕಡಿದು ತುಂಡು ತುಂಡು ಮಾಡಿ ಬಾಗಿಲ ಹೊರಗೆ ಎಸೆಯುತ್ತವೆ. ಅಡಿಹಲಗೆಯ ಮೇಲೆ ನಾರಿನ ಪುಡಿ ಕಂಡರೆ ಹುಳ ಮನೆಯನ್ನು ಒಪ್ಪಿಕೊಂಡಿದೆ ಎಂದೇ ನಮ್ಮ ಕಡೆಯ ಲೆಕ್ಕ. ಇನ್ನು ಕೊಯ್ದು ಹೋದ ಭಾಗವನ್ನು ಹೊಸದಾಗಿ ಕಟ್ಟಬೇಕು. ಮೇಣ ಹೊರಗಿಂದ ತರುವ ಸಾಮಾನಲ್ಲ. ಎರಡು ವಾರದ ಆಸುಪಾಸಿನ ಪ್ರಾಯದ ಕೆಲಸಗಾರ ಹುಳದ ಹೊಟ್ಟೆಯ ಅಡಿಯಿಂದ ಅದು ಸಣ್ಣ ಬಿಳಿ ಹಾಳೆಗಳಾಗಿ ಬೆವರಿದಂತೆ ಬರುತ್ತದೆ. ಆ ಬೆವರು ಬರಲು ಅದು ಸಿಹಿ ತಿಂದಿರಬೇಕು. ಒಂದು ಕಿಲೋ ಮೇಣಕ್ಕೆ ಆರರಿಂದ ಎಂಟು ಕಿಲೋ ಜೇನು ಖರ್ಚಾಗುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಅಂದಾಜು ಹೆಚ್ಚು ಕಡಿಮೆ ಇರಬಹುದು, ಆದರೆ ಮೇಣ ತುಟ್ಟಿಯ ಸರಕು ಎಂಬುದರಲ್ಲಿ ಅನುಮಾನವಿಲ್ಲ.

ಇದರ ಮೇಲೆ ಚಳಿ. ಮರಿಯಿರುವ ಜಾಗವನ್ನು ಹುಳಗಳು 34-35 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕಾಯಬೇಕು. ರೆಕ್ಕೆಯ ಸ್ನಾಯುಗಳನ್ನು ರೆಕ್ಕೆ ಬಡಿಯದೆಯೇ ಅದುರಿಸಿ ಮೈ ಕಾಯಿಸಿಕೊಂಡು ಮರಿಯ ಮೇಲೆ ಕವುಚಿ ಕೂರುತ್ತವೆ. ನಾವು ಜೇನು ಹಿಡಿಯುವುದು ಸಾಮಾನ್ಯವಾಗಿ ಮಳೆ ಮುಗಿದು ಮಾಗಿ ಶುರುವಾಗುವ ಹೊತ್ತಿನಲ್ಲಿ. ಆ ಬಿಸಿಗೂ ಸಿಹಿಯೇ ಸೌದೆ.

ಎಲ್ಲಕ್ಕಿಂತ ಕಠಿಣವಾದದ್ದು ದಿನದ ಲೆಕ್ಕ. ರಾಣಿ ಇಂದು ಇಟ್ಟ ಮೊಟ್ಟೆ ಕೆಲಸಗಾರ ಹುಳವಾಗಿ ಹೊರಬರಲು ಹತ್ತಿರ ಹತ್ತಿರ ಇಪ್ಪತ್ತು ದಿನ ಬೇಕು. ಹೊರಬಂದ ಹುಳ ಕೂಡಲೇ ಹೂವಿಗೆ ಹಾರುವುದಿಲ್ಲ. ಕೋಣೆ ಗುಡಿಸುವುದು, ಮರಿಗೆ ಉಣಿಸುವುದು, ಮೇಣ ಕಟ್ಟುವುದು, ಬಾಗಿಲು ಕಾಯುವುದು ಎಂದು ಇನ್ನೆರಡು ಮೂರು ವಾರ ಒಳಗೇ ದುಡಿಯುತ್ತದೆ. ಅಂದರೆ ಪೆಟ್ಟಿಗೆಗೆ ಬಂದ ಮೇಲೆ ಇಟ್ಟ ಮೊಟ್ಟೆಯಿಂದ ಮನೆಗೆ ಸಂಪಾದನೆ ಬರಲು ಸುಮಾರು ನಲವತ್ತು ದಿನ. ಇತ್ತ ದುಡಿಯುವ ಹುಳದ ಆಯಸ್ಸೋ ಐದಾರು ವಾರ. ಆ ನಡುವೆ ದುಡಿಯುವ ಕೈಗಳು ದಿನದಿನಕ್ಕೆ ಕಡಿಮೆಯಾಗುತ್ತ ಹೋಗುತ್ತವೆ, ಉಣ್ಣುವ ಬಾಯಿಗಳು ಹಾಗೇ ಇರುತ್ತವೆ. ನಾವು ಸಕ್ಕರೆ ಪಾಕ ಕೊಡುವುದು ಈ ನಲವತ್ತು ದಿನದ ಹೊಂಡ ದಾಟಿಸಲು.

ದಾಟಿಸದಿದ್ದರೆ ಏನಾಗುತ್ತದೆ? ಮೊದಲು ರಾಣಿ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಆಮೇಲೆ ದಾದಿ ಹುಳಗಳು ಇಟ್ಟ ಮೊಟ್ಟೆಯನ್ನು, ಎಳೆ ಮರಿಯನ್ನು ತಾವೇ ತಿನ್ನುತ್ತವೆ. ಕ್ರೂರ ಅನ್ನಿಸುತ್ತದೆ, ಆದರೆ ಹಸಿದ ಮನೆಯಲ್ಲಿ ಸಾಕಲಾಗದ ಮರಿಯ ಸಾರವನ್ನು ಅವು ವ್ಯರ್ಥ ಮಾಡುವುದಿಲ್ಲ. ಕೊನೆಗೆ ಪರಾರಿ. ಉತ್ತರ ಭಾರತದಲ್ಲಿ ಹೆಚ್ಚು ಸಾಕುವ ಮೆಲ್ಲಿಫೆರಾ ಜೇನು ಹಸಿವಾದರೂ ಮನೆ ಬಿಡುವುದು ಕಡಿಮೆ, ಇದ್ದಲ್ಲೇ ಸಾಯುತ್ತದೆ. ನಮ್ಮ ತುಡುವೆ ಸ್ವಾಭಿಮಾನಿ. ಇಲ್ಲಿ ಬದುಕಿಲ್ಲ ಅನ್ನಿಸಿದರೆ ಎದ್ದು ಹೋಗುತ್ತದೆ. ಅದನ್ನು ತಡೆಯಲು ಬಾಗಿಲಿಗೆ ರಾಣಿ ಗೇಟು ಹಾಕುತ್ತಾರೆ. ಅದರ ಸಂದಿನಲ್ಲಿ ಕೆಲಸಗಾರ ಹುಳ ನುಸುಳಬಹುದು, ದಪ್ಪ ಮೈಯ ರಾಣಿ ನುಸುಳಲಾರದು. ರಾಣಿ ಇಲ್ಲದೆ ಗುಂಪು ಹೋಗದು. ನಾನೂ ಐದು ದಿನ ಗೇಟು ಹಾಕಿಟ್ಟಿದ್ದೆ. ಗೇಟು ತೆಗೆದ ನಾಲ್ಕನೇ ದಿನ ಅವು ಹೊರಟವು. ಗೇಟು ಬರೀ ಚಿಲಕ. ಚಿಲಕ ಹಾಕಿ ಎಷ್ಟು ದಿನ ಉಪವಾಸ ಕೂರಿಸಲಾಗುತ್ತದೆ?

ಎಲ್ಲ ಹೊಸ ಕುಟುಂಬಗಳ ಹಸಿವೂ ಒಂದೇ ಅಲ್ಲ ಎಂಬುದು ತಿಳಿದದ್ದು ಆಮೇಲೆ. ತಾನಾಗಿ ಪಾಲಾಗಿ ಬಂದು ಮಾವಿನ ಕೊಂಬೆಗೆ ಜೋತುಬಿದ್ದ ಗುಂಪು ಹೊರಡುವ ಮುನ್ನ ಹೊಟ್ಟೆ ತುಂಬ ಜೇನು ಕುಡಿದೇ ಬಂದಿರುತ್ತದೆ. ಅದಕ್ಕೆ ಕೆಲವು ದಿನದ ಬುತ್ತಿ ಇದೆ, ಮೇಣ ಕಟ್ಟುವ ಹುರುಪೂ ಇದೆ. ಹಾಗೆ ಬಂದದ್ದಕ್ಕೆ ಸ್ವಲ್ಪ ಪಾಕ ಕೊಟ್ಟರೂ ಎರಿ ಸರಸರನೆ ಇಳಿಯುತ್ತದೆ. ಒಳ್ಳೆಯ ಸಾಕಣೆದಾರರಿಂದ ಕೊಂಡ ಪೆಟ್ಟಿಗೆಯಲ್ಲಿ ನಾಲ್ಕೈದು ಎರಿ ಅಂಟಿಕೊಂಡೇ ಇರುತ್ತವೆ, ನೆತ್ತಿಯಲ್ಲಿ ಜೇನೂ ಇರಬಹುದು. ಇರಬಹುದು ಎಂದೆ, ಏಕೆಂದರೆ ಹುಳ ಮಾರುವ ಮುನ್ನ ಜೇನು ಹಿಂಡಿಕೊಳ್ಳುವವರೂ ಇದ್ದಾರೆ. ನನಗೂ ಒಮ್ಮೆ ಹಾಗಾಯಿತು. ಕೊಳ್ಳುವಾಗ ಒಂದು ಚೌಕಟ್ಟನ್ನಾದರೂ ಎತ್ತಿ, ಮೇಲ್ತುದಿಯಲ್ಲಿ ಮುಚ್ಚಿದ ಜೇನು ಇದೆಯೇ ನೋಡಿಕೊಳ್ಳಬೇಕು. ಅತಿ ಬಡವ ಎಂದರೆ ಹುತ್ತ ಒಡೆದು ಹಿಡಿದು ತಂದ ಕುಟುಂಬ. ಅಮೆರಿಕದಲ್ಲಿ ಹುಳಗಳನ್ನು ಎರಿಯೇ ಇಲ್ಲದೆ, ಜಾಲರಿಯ ಪೆಟ್ಟಿಗೆಯಲ್ಲಿ, ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಆ ಪೆಟ್ಟಿಗೆಯ ನಡುವೆ ದಾರಿಖರ್ಚಿಗೆಂದು ಪಾಕದ ಡಬ್ಬಿಯೊಂದು ನೇತಾಡುತ್ತಿರುತ್ತದೆ. ಮಾರುವವನೇ ಬುತ್ತಿ ಕಟ್ಟಿ ಕಳಿಸುತ್ತಾನೆ ಎಂಬುದು ಓದಿದಾಗ ನನಗೆ ನಾಚಿಕೆಯಾಯಿತು.

ಎರಡನೇ ಕುಟುಂಬ ತಂದಾಗ ಪಾಕ ಮಾಡಲು ಕೂತೆ. ಇದರಲ್ಲಿ ಕಷ್ಟವೇನಿಲ್ಲ, ಆದರೆ ಅಡುಗೆಮನೆಯ ಬುದ್ಧಿವಂತಿಕೆ ಇಲ್ಲಿ ಬೇಡ. ಒಂದು ಲೀಟರ್ ನೀರು ಕುದಿಸಿ, ಒಲೆಯಿಂದ ಇಳಿಸಿ, ಅದಕ್ಕೆ ಒಂದು ಕಿಲೋ ಬಿಳಿ ಸಕ್ಕರೆ ಹಾಕಿ ಕರಗುವ ತನಕ ತಿರುವಬೇಕು. ಪೂರ್ತಿ ತಣ್ಣಗಾದ ಮೇಲೆ ಕೊಡಬೇಕು. ಅಷ್ಟೇ. ಸಕ್ಕರೆ ಹಾಕಿದ ಮೇಲೆ ಮತ್ತೆ ಒಲೆಗೆ ಇಡಬಾರದು. ಜಿಲೇಬಿಯ ಪಾಕದಂತೆ ಎಳೆ ಬರಿಸುವುದು, ಗಟ್ಟಿಯಾಗದಿರಲಿ ಎಂದು ನಿಂಬೆಹಣ್ಣು ಹಿಂಡುವುದು ಮನುಷ್ಯರಿಗೆ ಸರಿ. ಹುಳಿ ಸೇರಿಸಿ ಕಾಯಿಸಿದ ಸಕ್ಕರೆಯಲ್ಲಿ ಹುಟ್ಟುವ ಒಂದು ರಾಸಾಯನಿಕ, ಎಚ್‌ಎಂಎಫ್ ಎಂದು ಕರೆಯುತ್ತಾರೆ, ಜೇನುಹುಳಕ್ಕೆ ವಿಷ. ಸಕ್ಕರೆ ಒಡೆಯುವ ಕೆಲಸಕ್ಕೆ ಹುಳಕ್ಕೆ ನಮ್ಮ ನಿಂಬೆಹಣ್ಣು ಬೇಕಿಲ್ಲ. ಅದರ ಜೊಲ್ಲಿನಲ್ಲಿರುವ ಇನ್ವರ್ಟೇಸ್ ಎಂಬ ಕಿಣ್ವವೇ ಸಕ್ಕರೆಯನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಎರಡು ಪಾಲು ಮಾಡುತ್ತದೆ.

ಬೆಲ್ಲದ ವಿಷಯದಲ್ಲಿ ನಾನು ಮನೆಯಲ್ಲೇ ವಾದ ಮಾಡಬೇಕಾಯಿತು. ಸಕ್ಕರೆಗಿಂತ ಬೆಲ್ಲ ಒಳ್ಳೆಯದು, ಹುಳಕ್ಕೂ ಅದನ್ನೇ ಕೊಡಿ ಎಂದು ಅಮ್ಮ. ಮನುಷ್ಯರಿಗೆ ಬೆಲ್ಲ ಒಳ್ಳೆಯದಾಗುವುದು ಅದರಲ್ಲಿರುವ ಖನಿಜ, ಬಣ್ಣ ಎಲ್ಲ ಸೇರಿ. ಜೇನುಹುಳಕ್ಕೆ ಅವೇ ತೊಂದರೆ. ಜೀರ್ಣವಾಗದ ಅಂಶ ಹೆಚ್ಚಾದರೆ ಹುಳಕ್ಕೆ ಭೇದಿ ಹತ್ತುತ್ತದೆ. ಆರೋಗ್ಯವಂತ ಹುಳ ಮನೆಯೊಳಗೆ ಮಲ ಹಾಕುವುದಿಲ್ಲ, ಹಾರಿ ಹೋಗಿ ಹಾಕುತ್ತದೆ. ಎರಿಯ ಮೇಲೆ, ಬಾಗಿಲ ಹಲಗೆಯ ಮೇಲೆ ಕಂದು ಗೆರೆ ಕಂಡರೆ ಹೊಟ್ಟೆ ಕೆಟ್ಟಿದೆ ಎಂದರ್ಥ. ಜೇನಿನ ಮಟ್ಟಿಗೆ ಮಾತ್ರ ಅಂಗಡಿಯ ಬಿಳಿ ಸಕ್ಕರೆಯೇ ಶುದ್ಧ. ಅಮ್ಮನಿಗೆ ಇದು ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಪಾಕ ಕೊಡುವ ಪಾತ್ರೆ ಯಾವುದಾದರೂ ಆಗಬಹುದು. ನಮ್ಮ ಕಡೆ ಹಳೆಯ ಪದ್ಧತಿ ತೆಂಗಿನ ಗೆರಟೆ. ಗೆರಟೆಯಲ್ಲಿ ಪಾಕ ಹೊಯ್ದು, ಅದರ ಮೇಲೆ ಒಣ ಹುಲ್ಲಿನ ಕಡ್ಡಿಯನ್ನೋ ತೆಂಗಿನ ಹೆಡೆಯ ಸಣ್ಣ ಚೂರುಗಳನ್ನೋ ತೇಲಿಬಿಟ್ಟು, ಪೆಟ್ಟಿಗೆಯೊಳಗೆ ಖಾಲಿ ಚೌಕಟ್ಟಿನ ಜಾಗದಲ್ಲಿ ಇಡುವುದು. ಕಡ್ಡಿ ಇಲ್ಲದಿದ್ದರೆ ಹುಳಗಳು ಪಾಕದಲ್ಲಿ ಮುಳುಗಿ ಸಾಯುತ್ತವೆ, ಒಂದರ ಮೇಲೊಂದು. ನಾನು ಈಗ ಬಳಸುವುದು ಅಗಲ ಬಾಯಿಯ ಗಾಜಿನ ಬಾಟಲಿ. ಮುಚ್ಚಳಕ್ಕೆ ಸಣ್ಣ ಮೊಳೆಯಿಂದ ನಾಲ್ಕೈದು ತೂತು ಹೊಡೆದು, ಪಾಕ ತುಂಬಿ, ಚೌಕಟ್ಟುಗಳ ನೆತ್ತಿಯ ಮೇಲೆ ಬೋರಲು ಇಡುವುದು. ತಿರುಗಿಸಿದಾಗ ಮೊದಲು ನಾಲ್ಕು ಹನಿ ಬೀಳುತ್ತದೆ, ಅದನ್ನು ಪೆಟ್ಟಿಗೆಯಿಂದ ದೂರ ಬೀಳಿಸಿಕೊಂಡು ಬರಬೇಕು. ಆಮೇಲೆ ಒಳಗಿನ ಗಾಳಿಯ ಒತ್ತಡ ಕಡಿಮೆಯಾಗಿ ಪಾಕ ತಾನಾಗಿ ನಿಲ್ಲುತ್ತದೆ. ಹುಳ ಕೆಳಗಿನಿಂದ ನಾಲಿಗೆ ಚಾಚಿ ಹೀರಿದಷ್ಟೇ ಇಳಿಯುತ್ತದೆ. ಸಂಜೆ ಮುಚ್ಚಳಕ್ಕೆ ಕಿವಿಯಿಟ್ಟರೆ ಒಳಗೆ ಸಣ್ಣ ಗುಂಯ್ ಶಬ್ದ. ಮೊದಲ ರಾತ್ರಿ ಟಾರ್ಚು ಹಿಡಿದು ಮೂರು ಸಲ ಎದ್ದು ಹೋಗಿ ಕೇಳಿದ್ದೇನೆ.

ಪ್ರಮಾಣ ಅತಿಯಾಗಬಾರದು. ಮೂರು ನಾಲ್ಕು ಎರಿಯ ಕುಟುಂಬಕ್ಕೆ ಒಂದು ಸಲಕ್ಕೆ 200 ಮಿಲಿಲೀಟರ್, ಅಂದರೆ ಒಂದು ಲೋಟ ಸಾಕು. ದಿನ ಬಿಟ್ಟು ದಿನ ನೋಡಿಕೊಂಡು ಕೊಡುವುದು. ಎರಡು ದಿನವಾದರೂ ಉಳಿದಿದ್ದರೆ ಮೂಸಿ ನೋಡಿ. ಹುಳಿ ವಾಸನೆ ಬಂದಿದ್ದರೆ ಚೆಲ್ಲಿ, ಬಾಟಲಿ ತೊಳೆದು, ಮುಂದಿನ ಸಲ ಅರ್ಧ ಲೋಟ ಇಡಿ. ಕೊಡುವುದು ಯಾವಾಗಲೂ ಸಂಜೆ, ಹುಳಗಳ ಹಾರಾಟ ನಿಂತ ಮೇಲೆ. ಪೆಟ್ಟಿಗೆಯ ಸ್ಟ್ಯಾಂಡಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇರಲಿ. ಸಕ್ಕರೆ ಇದ್ದಲ್ಲಿಗೆ ಇರುವೆ ಬಾರದೆ ಇರುವುದಿಲ್ಲ, ಇರುವೆ ಹೊಕ್ಕ ಪೆಟ್ಟಿಗೆಯಲ್ಲಿ ತುಡುವೆ ನಿಲ್ಲುವುದಿಲ್ಲ.

ಸಂಜೆಯೇ ಏಕೆ, ಪೆಟ್ಟಿಗೆಯೊಳಗೇ ಏಕೆ ಎನ್ನುವುದನ್ನು ನಾನು ಕಲಿತದ್ದು ಪಾಠ ಕೇಳಿ ಅಲ್ಲ. ಮೂರನೇ ವರ್ಷ ಪೆಟ್ಟಿಗೆ ನಾಲ್ಕಾಗಿತ್ತು. ಒಂದೊಂದನ್ನೇ ತೆಗೆದು ಬಾಟಲಿ ಇಡಲು ಬೇಸರವಾಗಿ, ಅಂಗಳದ ನಡುವೆ ದೊಡ್ಡ ಹರಿವಾಣದಲ್ಲಿ ಪಾಕ ಹೊಯ್ದು ಹುಲ್ಲು ಹರಡಿ ಇಟ್ಟೆ. ಬೆಳಿಗ್ಗೆ ಹತ್ತು ಗಂಟೆ. ಎಲ್ಲರೂ ಬಂದು ಹಂತಿಯೂಟ ಮಾಡಲಿ ಎಂಬ ಉದಾರ ಬುದ್ಧಿ. ಅರ್ಧ ಗಂಟೆಯಲ್ಲಿ ಹರಿವಾಣ ಕಪ್ಪಾಯಿತು. ನನ್ನ ಹುಳಗಳ ಜೊತೆ ಬೆಟ್ಟದ ಹುಳಗಳೂ ಬಂದವು. ಮಧ್ಯಾಹ್ನದ ಹೊತ್ತಿಗೆ ಪಾಕ ಮುಗಿಯಿತು, ಆದರೆ ಗದ್ದಲ ಮುಗಿಯಲಿಲ್ಲ. ಬಲವಾದ ಎರಡು ಪೆಟ್ಟಿಗೆಯ ಹುಳಗಳು ಹೊಸ ಪೆಟ್ಟಿಗೆಯ ಬಾಗಿಲಿಗೆ ಮುತ್ತಿ ಒಳಗೆ ನುಗ್ಗಿದವು. ಬಾಗಿಲ ಮುಂದೆ ಹುಳಗಳು ಜೋಡಿ ಜೋಡಿಯಾಗಿ ಕಚ್ಚಿಕೊಂಡು ಉರುಳಾಡುತ್ತಿದ್ದವು. ಸಂಜೆ ಕಸಬರಿಗೆಯಿಂದ ಸತ್ತ ಹುಳ ಗುಡಿಸಿದೆ, ಒಂದು ಮೊರ ತುಂಬಿತು.

ಇದರ ಹಿಂದಿನ ಕಾರಣ ಹುಳಗಳ ಭಾಷೆಯಲ್ಲಿದೆ. ದೂರದ ಹೂವಿನ ಸುದ್ದಿ ತಂದ ಹುಳ ಎರಿಯ ಮೇಲೆ ಹೊಟ್ಟೆ ಅಲುಗಿಸುತ್ತ ಕುಣಿದು, ಸೂರ್ಯನಿಗೆ ಯಾವ ಕೋನದಲ್ಲಿ ಎಷ್ಟು ದೂರ ಹೋಗಬೇಕು ಎಂದು ತಿಳಿಸುತ್ತದೆ. ಇದನ್ನು ಬಿಡಿಸಿ ಓದಿದ್ದಕ್ಕೆ ಆಸ್ಟ್ರಿಯಾ ಮೂಲದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ಬಂತು. ಆದರೆ ತೀರ ಹತ್ತಿರದಲ್ಲೇ ಆಹಾರ ಸಿಕ್ಕರೆ ಹುಳ ಸುಮ್ಮನೆ ಗುಂಡಗೆ ತಿರುಗುತ್ತದೆ. ಅದರಲ್ಲಿ ದಿಕ್ಕಿನ ಸುಳಿವು ಇಲ್ಲವೆನ್ನುವಷ್ಟು ಕಡಿಮೆ. ಇಲ್ಲೇ ಎಲ್ಲೋ ಇದೆ, ಹೋಗಿ ಹುಡುಕಿ ಎಂದಷ್ಟೇ ಅರ್ಥ. ಕೇಳಿದವು ಸಕ್ಕರೆಯ ವಾಸನೆ ಹಿಡಿದು ಸುತ್ತಮುತ್ತ ಸಿಕ್ಕ ಸಂದಿಗೆಲ್ಲ ಮೂಗು ತೂರುತ್ತವೆ. ಪಕ್ಕದಲ್ಲೇ ಕಾವಲು ಕಡಿಮೆಯಿರುವ, ಅದೇ ಸಕ್ಕರೆಯ ವಾಸನೆಯ ಬಡಪಾಯಿ ಪೆಟ್ಟಿಗೆ ಇದ್ದರೆ ಕಳ್ಳತನ ಶುರು. ಕತ್ತಲಾದ ಮೇಲೆ ಕೊಟ್ಟರೆ ಸುದ್ದಿ ಹಬ್ಬಿದರೂ ಹಾರುವ ಹಾಗಿಲ್ಲ, ಬೆಳಗಾಗುವುದರೊಳಗೆ ಪಾಕ ಎರಿ ಸೇರಿರುತ್ತದೆ. ಹೊಸ ಪೆಟ್ಟಿಗೆಯ ಬಾಗಿಲನ್ನು ಎರಡು ಹುಳ ಹಿಡಿಸುವಷ್ಟಕ್ಕೆ ಕಿರಿದು ಮಾಡಿಟ್ಟರೆ ಕಾಯುವ ಹುಳಕ್ಕೂ ಸುಲಭ.

ಸಕ್ಕರೆ ಏಕೆ, ಜೇನುತುಪ್ಪವನ್ನೇ ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೇಳಲು ನ್ಯಾಯವಾದ ಮಾತು. ಅದೇ ಕುಟುಂಬದ ಜೇನಾದರೆ ಅದಕ್ಕಿಂತ ಒಳ್ಳೆಯ ಆಹಾರ ಇಲ್ಲ. ಹುತ್ತದಿಂದ ಕೊಯ್ದದ್ದರಲ್ಲಿ ಒಂದಿಷ್ಟು ತೆಗೆದಿಟ್ಟು, ಅಷ್ಟೇ ನೀರು ಬೆರೆಸಿ, ಮೊದಲ ನಾಲ್ಕು ದಿನ ಕೊಟ್ಟವರು ಪುಣ್ಯವಂತರು. ಆದರೆ ಊರಿನ ಇನ್ನೊಬ್ಬರ ಜೇನು, ಅಂಗಡಿಯ ಜೇನು ಖಂಡಿತ ಬೇಡ. ಜೇನಿನ ಜೊತೆ ರೋಗ ಪ್ರಯಾಣ ಮಾಡುತ್ತದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್ ಬ್ರೂಡ್ ಎಂಬ ವೈರಸ್ ರೋಗ ಕೇರಳ, ಕರ್ನಾಟಕದ ತುಡುವೆಗೆ ಅಡರಿಕೊಂಡಿತು. ಮರಿಗಳು ಕೋಣೆಯಲ್ಲೇ ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆತ್ತಿಕೊಂಡು ಸತ್ತವು. ಮಲೆನಾಡು, ಕೊಡಗು, ಕರಾವಳಿಯ ಬಹುಪಾಲು ಪೆಟ್ಟಿಗೆಗಳು ಆಗ ಖಾಲಿಯಾದವು. ಹಳೆಯ ಸಾಕಣೆದಾರರು ಇವತ್ತಿಗೂ ಕಾಲವನ್ನು ಆ ರೋಗದ ಮುಂಚೆ, ರೋಗದ ನಂತರ ಎಂದೇ ಎಣಿಸುತ್ತಾರೆ. ಮಾವನ ಹಿತ್ತಿಲಲ್ಲಿ ಆಗಿನ ಖಾಲಿ ಪೆಟ್ಟಿಗೆಗಳು ಈಗಲೂ ಕೋಳಿ ಕೂರುವ ಅಟ್ಟಳಿಗೆಯಾಗಿ ನಿಂತಿವೆ. ರೋಗ ಬಂದ ಮನೆಯ ಜೇನು, ಎರಿ, ಪಾತ್ರೆ ಯಾವುದನ್ನೂ ಹೊಸ ಕುಟುಂಬದ ಹತ್ತಿರ ತರಬಾರದು.

ಪಾಕ ಕೊಟ್ಟರೆ ಎಲ್ಲ ಆಯಿತು ಎಂದುಕೊಳ್ಳುವುದೂ ತಪ್ಪು. ಸಕ್ಕರೆ ಬರೀ ಅನ್ನ. ಮರಿ ಬೆಳೆಯಲು ಬೇಳೆ ಬೇಕು, ಅದು ಪರಾಗ. ದಾದಿ ಹುಳ ಪರಾಗ ತಿಂದೇ ತನ್ನ ತಲೆಯ ಗ್ರಂಥಿಯಿಂದ ಮರಿಗೆ ಹಾಲಿನಂಥ ರಸ ಕೊಡಬೇಕು. ಹೊರಗಿನಿಂದ ಪರಾಗ ಬರುತ್ತಿದೆಯೇ ಎಂದು ತಿಳಿಯಲು ಪೆಟ್ಟಿಗೆ ಬಿಚ್ಚುವುದೇ ಬೇಡ. ಬೆಳಿಗ್ಗೆ ಎಂಟು ಒಂಬತ್ತರ ಹೊತ್ತಿಗೆ ಬಾಗಿಲ ಪಕ್ಕ ಕುಕ್ಕರಗಾಲಲ್ಲಿ ಕೂತು ಬರುವ ಹುಳಗಳ ಹಿಂಗಾಲು ನೋಡಿದರಾಯಿತು. ಸಾಸಿವೆ ಗಾತ್ರದ ಉಂಡೆಗಳನ್ನು ಹೊತ್ತು ಬರುತ್ತಿದ್ದರೆ ಒಳಗೆ ಮರಿ ಇದೆ, ರಾಣಿ ಇದೆ, ಸಂಸಾರ ನಡೆಯುತ್ತಿದೆ. ತೆಂಗು, ಅಡಿಕೆ ಇರುವ ತೋಟದಲ್ಲಿ ಈ ಚಿಂತೆ ಕಡಿಮೆ. ಮುಟ್ಟಿದರೆ ಮುನಿಯನ್ನು ಕಳೆ ಎಂದು ಬೇರು ಸಮೇತ ಕೀಳಿಸುವವರು ಒಮ್ಮೆ ಅದರ ಗುಲಾಬಿ ಹೂವಿನ ಮೇಲೆ ಬೆಳಿಗ್ಗೆ ಎಷ್ಟು ಹುಳ ಇರುತ್ತದೆ ನೋಡಬೇಕು. ಪರಾಗ ತೀರ ಇಲ್ಲದ ಕಡೆ ಸೋಯಾ ಹಿಟ್ಟು, ಯೀಸ್ಟ್, ಕೆನೆ ತೆಗೆದ ಹಾಲಿನ ಪುಡಿಯನ್ನು ಸಕ್ಕರೆ ಪಾಕದಲ್ಲಿ ಕಲಸಿ ರೊಟ್ಟಿಯಂತೆ ತಟ್ಟಿ ಚೌಕಟ್ಟಿನ ಮೇಲೆ ಇಡುವುದಿದೆ. ನನ್ನ ಅನುಭವದಲ್ಲಿ ತುಡುವೆ ಅದನ್ನು ಮೂಸಿ ಬಿಡುವುದೇ ಹೆಚ್ಚು.

ಎಷ್ಟು ದಿನ ಕೊಡಬೇಕು? ಇದಕ್ಕೆ ಉತ್ತರ ಕ್ಯಾಲೆಂಡರಿನಲ್ಲಿಲ್ಲ, ಬೆಟ್ಟದಲ್ಲಿದೆ. ಮಾಗಿ ಕಳೆದು ಬಿಸಿಲೇರುತ್ತಿದ್ದಂತೆ ಒಂದಾದ ಮೇಲೊಂದು ಕಾಡುಮರ ಹೂ ಬಿಡುತ್ತವೆ. ಬೇಸಿಗೆಯಲ್ಲಿ ನೇರಳೆ, ಹೆಬ್ಬಲಸು. ಕೊಡಗು, ಚಿಕ್ಕಮಗಳೂರಿನಲ್ಲಿ ಹೂಮಳೆ ಬಿದ್ದ ಒಂಬತ್ತು ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ಹೂವೇ ಬೇಕಿಲ್ಲ. ಎಲೆ ಉದುರಿ ಚಿಗುರು ಬಂದಾಗ ಎಲೆತೊಟ್ಟಿನ ತುದಿಯ ಗ್ರಂಥಿಗಳಲ್ಲೇ ಸಿಹಿ ಒಸರುತ್ತದೆ, ಜನ ಪೆಟ್ಟಿಗೆ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಾರೆ. ಬೆಟ್ಟದಲ್ಲಿ ಮಕರಂದ ಬಂತೆಂದರೆ ಹುಳಗಳೇ ತಿಳಿಸುತ್ತವೆ. ಹಿಂದಿನ ವಾರ ರಾತ್ರಿ ಬೆಳಗಾಗುವುದರೊಳಗೆ ಖಾಲಿ ಮಾಡಿದ ಬಾಟಲಿಯನ್ನು ಈ ವಾರ ಮುಟ್ಟುವುದಿಲ್ಲ. ಎರಿಯ ನೆತ್ತಿಯಲ್ಲಿ ಹೊಸ ಮೇಣ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಆವತ್ತೇ ಬಾಟಲಿ ತೆಗೆದುಬಿಡಬೇಕು.

ತೆಗೆಯದವರೂ ಇದ್ದಾರೆ. ಪ್ರೀತಿ ಹೆಚ್ಚಾಗಿ ಉಣಿಸುತ್ತಲೇ ಹೋದರೆ ಹುಳಗಳು ರಾಣಿ ಮೊಟ್ಟೆ ಇಡಬೇಕಾದ ಕೋಣೆಗೂ ಪಾಕ ತುಂಬುತ್ತವೆ. ಮೊಟ್ಟೆಗೆ ಜಾಗ ಇಲ್ಲದೆ ಕುಟುಂಬ ಸೊರಗುತ್ತದೆ, ಇಲ್ಲವೇ ಇಕ್ಕಟ್ಟಾಯಿತೆಂದು ಪಾಲಾಗಿ ಹಾರುತ್ತದೆ. ಇನ್ನೊಂದು ಮುಖವೂ ಇದೆ, ಅದನ್ನು ಸಾಕುವವರು ಬಾಯಿಬಿಟ್ಟು ಹೇಳುವುದಿಲ್ಲ. ಸಂಸಾರ ಕೋಣೆಯ ಮೇಲೆ ಜೇನು ಕೋಣೆ ಇಟ್ಟುಕೊಂಡು ಕೆಳಗೆ ಪಾಕ ಕೊಡುತ್ತಿದ್ದರೆ ಮೇಲೆ ತುಂಬುವುದು ಜೇನಲ್ಲ. ಹುಳದ ಬಾಯಿಂದ ಬಂದದ್ದೆಲ್ಲ ಜೇನಾಗುವುದಿಲ್ಲ. ಹೂವಿನಿಂದ ಬಂದದ್ದು ಮಾತ್ರ ಜೇನು.

ಇದನ್ನು ಪರೀಕ್ಷೆಯಲ್ಲಿ ಹಿಡಿಯುವ ಉಪಾಯ ಚೆನ್ನಾಗಿದೆ. ಕಬ್ಬು ಗಾಳಿಯಿಂದ ಇಂಗಾಲ ಹೀರಿಕೊಳ್ಳುವ ದಾರಿಯೇ ಬೇರೆ, ನೇರಳೆ, ಕಾಫಿಯಂಥ ಹೂಮರಗಳ ದಾರಿಯೇ ಬೇರೆ. ಹಾಗಾಗಿ ಎರಡರ ಸಕ್ಕರೆಯಲ್ಲೂ ಭಾರದ ಇಂಗಾಲದ ಪಾಲು ಬೇರೆ ಬೇರೆ ಇರುತ್ತದೆ. ಹುಳದ ಹೊಟ್ಟೆ ಹೊಕ್ಕು ಬಂದರೂ ಆ ಗುರುತು ಅಳಿಯುವುದಿಲ್ಲ. ಭತ್ತ ಮಾತ್ರ ಹುಲ್ಲಿನ ಜಾತಿಯಾದರೂ ಹೂಮರಗಳ ದಾರಿಯನ್ನೇ ಹಿಡಿದಿದೆ. ಆದ್ದರಿಂದ ಅಕ್ಕಿಯಿಂದ ಮಾಡಿದ ಸಿರಪ್ ಈ ಪರೀಕ್ಷೆಯಿಂದ ಜಾರಿಕೊಳ್ಳುತ್ತದೆ. 2020ರ ಡಿಸೆಂಬರಿನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಮಾರುಕಟ್ಟೆಯ 13 ಬ್ರ್ಯಾಂಡುಗಳ ಜೇನನ್ನು ಜರ್ಮನಿಯ ಪ್ರಯೋಗಾಲಯದಲ್ಲಿ ಇನ್ನೂ ಸೂಕ್ಷ್ಮವಾದ ಪರೀಕ್ಷೆಗೆ ಒಡ್ಡಿಸಿ, ಹೆಚ್ಚಿನವು ತೇರ್ಗಡೆಯಾಗಲಿಲ್ಲ ಎಂದು ಪ್ರಕಟಿಸಿದ ಮೇಲೆ ಗ್ರಾಹಕರಲ್ಲಿ ಅನುಮಾನ ಬೇರೂರಿದೆ. ಹಸಿದ ಹುಳಕ್ಕೆ ಒಂದು ಲೋಟ ಪಾಕ ಕೊಡುವ ಪ್ರಾಮಾಣಿಕ ಸಾಕಣೆದಾರನನ್ನೂ ಜನ ಅದೇ ಕಣ್ಣಿನಿಂದ ನೋಡುತ್ತಾರೆ. ನನ್ನ ಬಾಟಲಿ ನೋಡಿದ ನೆಂಟರೊಬ್ಬರು, ಓ ಹೀಗಾ ಜೇನು ಮಾಡುವುದು ಎಂದು ಕಣ್ಣು ಮಿಟುಕಿಸಿ ಹೋದರು. ನಾನು ಕೊಡುವ ಉತ್ತರ ಇಷ್ಟೇ: ಬಾಟಲಿ ಇರುವಾಗ ಜೇನು ಕೋಣೆ ಇರುವುದಿಲ್ಲ, ಜೇನು ಕೋಣೆ ಇರುವಾಗ ಬಾಟಲಿ ಇರುವುದಿಲ್ಲ. ಎರಡೂ ಒಟ್ಟಿಗೆ ಕಂಡರೆ ನನ್ನ ಜೇನು ಕೊಳ್ಳಬೇಡಿ.

ಹೊಸಬರಿಗೆ ಪೆಟ್ಟಿಗೆ ಹಂಚುವ ಕಾರ್ಯಕ್ರಮಗಳು ಈಗ ಬೇಕಾದಷ್ಟಿವೆ. ಒಂದು ದಿನದ ತರಬೇತಿ, ಮಧ್ಯಾಹ್ನ ಊಟ, ಸಂಜೆ ಪೆಟ್ಟಿಗೆ ಜೊತೆ ಫೋಟೋ. ನಾನು ಹೋದ ಅಂಥದ್ದೊಂದರಲ್ಲಿ ಜೇನು ತೆಗೆಯುವ ಯಂತ್ರವನ್ನು ಮುಕ್ಕಾಲು ಗಂಟೆ ತಿರುಗಿಸಿ ತೋರಿಸಿದರು. ಆಹಾರದ ಬಗ್ಗೆ ಕೊನೆಯಲ್ಲಿ ಎರಡು ನಿಮಿಷ. ಆ ದಿನ ಪೆಟ್ಟಿಗೆ ಒಯ್ದವರಲ್ಲಿ ನನಗೆ ಗೊತ್ತಿರುವ ಆರು ಜನರ ಪೈಕಿ ಇಬ್ಬರ ಮನೆಯಲ್ಲಿ ಮಾತ್ರ ಮುಂದಿನ ಮಳೆಗಾಲದ ನಂತರ ಹುಳ ಇತ್ತು. ಅದಕ್ಕೆ ಕಾರಣ ಮಳೆಗಾಲವೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಲೆನಾಡಿನಲ್ಲಿ ದಿನಗಟ್ಟಲೆ ಹುಳ ಬಾಗಿಲು ದಾಟಲಾಗದು, ಹೂವಿನಲ್ಲಿ ಸಿಹಿ ಇದ್ದರೂ ಮಳೆಗೆ ತೊಳೆದು ಹೋಗಿರುತ್ತದೆ. ಬೇಸಿಗೆಯಲ್ಲಿ ಕೂಡಿಟ್ಟದ್ದೇ ಗತಿ. ಮೊದಲ ಬೇಸಿಗೆಯಲ್ಲೇ ಆಸೆಬಿದ್ದು ಜೇನು ಹಿಂಡಿದವನು ಆಷಾಢದಲ್ಲಿ ಮತ್ತೆ ಕೊಡೆ ಹಿಡಿದು ಬಾಟಲಿ ಹೊತ್ತು ಓಡಾಡಬೇಕು. ಓಡಾಡದಿದ್ದರೆ ಶ್ರಾವಣಕ್ಕೆ ಪೆಟ್ಟಿಗೆಯಲ್ಲಿ ಮೇಣದ ಹುಳು ಬಲೆ ಕಟ್ಟಿರುತ್ತದೆ.

ಕೇಳಲು ಹೋದ ದಿನ ಮಾವ ಇನ್ನೊಂದು ಮಾತೂ ಹೇಳಿದ್ದರು. ಮೊದಲ ವರ್ಷ ಜೇನು ಕೋಣೆಯನ್ನು ಅಟ್ಟದಿಂದ ಇಳಿಸಲೇಬೇಡ ಎಂದು. ಆಗ ಜಿಪುಣತನ ಅನ್ನಿಸಿತ್ತು. ಈಗ ನಾನೂ ಅದನ್ನೇ ಹೇಳುತ್ತೇನೆ. ಈ ಸಲ ಮಳೆ ಮುಗಿದ ಮೇಲೆ ಹೊಸ ಕುಟುಂಬ ತರುವ ಮನಸ್ಸಿದ್ದರೆ ತನ್ನಿ, ತೋಟಕ್ಕೂ ಒಳ್ಳೆಯದು. ಆದರೆ ಪೆಟ್ಟಿಗೆ ತರುವ ದಿನವೇ ಪೇಟೆಯಿಂದ ಐದು ಕಿಲೋ ಸಕ್ಕರೆಯನ್ನೂ ತನ್ನಿ, ಮನೆಯ ಕಾಫಿ ಡಬ್ಬಿಗೆ ಸೇರಿಸದೆ ಬೇರೆಯೇ ಇಡಿ. ಹುಳ ಕೂರಿಸಿದ ಮೊದಲ ಸಂಜೆಯೇ ಬಾಟಲಿ ಬೋರಲು ಹಾಕಿ. ಮರುದಿನದ ತನಕ ಕಾಯಬೇಡಿ.